ಸಂಜೆಯಾದರೆ ಮೆಶ್‌ನ ಕೊನೆ ಮನೆಗೆ ನೆಟ್ ಇಲ್ಲ: ಲೋಡನ್ನು ನ್ಯಾಯವಾಗಿ ಹಂಚುವುದು ಹೇಗೆ?

ಹೊಳೆಯಾಚೆ:

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲೂಕಿನ ನಮ್ಮ ಕೇರಿಯಲ್ಲಿ 11 ಮನೆಯವರು ಸೇರಿ ಒಂದು ವೈರ್‌ಲೆಸ್ ಮೆಶ್ (ಮನೆಗಳ ರೂಟರುಗಳೇ ಒಂದರಿಂದ ಒಂದಕ್ಕೆ ನೆಟ್ ದಾಟಿಸುವ ಜಾಲ) ಮಾಡಿಕೊಂಡಿದ್ದೇವೆ. ಫೈಬರ್ ಡಾಂಬರು ರಸ್ತೆಯವರೆಗೆ ಮಾತ್ರ ಬಂದಿದೆ. ರಸ್ತೆ ಪಕ್ಕದ ಮನೆಯಲ್ಲಿ 100 ಎಂಬಿಪಿಎಸ್ ಕನೆಕ್ಷನ್ ಇದೆ, ಅಲ್ಲಿಂದ ಅಡಿಕೆ ತೋಟದ ಮೇಲೆ ಹಾದು ಮನೆಯಿಂದ ಮನೆಗೆ 5 ಗಿಗಾಹರ್ಟ್ಸ್‌ನಲ್ಲಿ ದಾಟಿಸುತ್ತೇವೆ. ಎಲ್ಲ ರೂಟರಿನಲ್ಲೂ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್, ವೈಫೈ ಮೆಶ್‌ನ ಮಾನಕವಾದ 802.11ಎಸ್ ಮೇಲೆ ದಾರಿ ಆರಿಸುವ ಬ್ಯಾಟ್‌ಮನ್-ಅಡ್ವ್ ರೂಟಿಂಗ್ ಪ್ರೊಟೊಕಾಲ್. ಮನೆಯೊಳಗಿನ ಮೊಬೈಲುಗಳಿಗೆ 2.4 ಗಿಗಾಹರ್ಟ್ಸ್. ಕೊನೆಯ ಮನೆ ಹೊಳೆಯ ಆಚೆ, ನಾಲ್ಕನೇ ಹಾಪ್, ಅಂದರೆ ರೂಟರಿನಿಂದ ರೂಟರಿಗೆ ನಾಲ್ಕನೇ ನೆಗೆತ.

ಮಧ್ಯಾಹ್ನ ಯಾರೂ ಬಳಸದ ಹೊತ್ತಲ್ಲಿ ನೋಡಿದರೆ ಮೊದಲ ಮನೆಗೆ 80 ಎಂಬಿಪಿಎಸ್, ಕೊನೆಯ ಮನೆಗೆ 20ರ ಆಸುಪಾಸು. ಅದರ ಬಗ್ಗೆ ಯಾರ ತಕರಾರೂ ಇಲ್ಲ. ತೊಂದರೆ ಇರುವುದು ಸಂಜೆ 7ರಿಂದ 10ರವರೆಗೆ. ರಸ್ತೆ ಹತ್ತಿರದ ಎರಡು ಮೂರು ಮನೆಯವರು ಟಿವಿಯಲ್ಲಿ ವಿಡಿಯೊ ಹಾಕಿಕೊಂಡರೆ ಹೊಳೆ ಆಚೆಗೆ 1 ಎಂಬಿಪಿಎಸ್ ಕೂಡ ಹೋಗುವುದಿಲ್ಲ. ಅಲ್ಲಿ ಪಿಯುಸಿ ಓದುವ ಹುಡುಗಿ ಇದ್ದಾಳೆ, ಅವಳ ಆನ್‌ಲೈನ್ ಟ್ಯೂಷನ್ ಸರಿಯಾಗಿ ಅದೇ ಹೊತ್ತಿಗೆ. ಮೇಷ್ಟ್ರ ಧ್ವನಿ ತುಂಡು ತುಂಡಾಗಿ ಬರುತ್ತದೆ, ಬೋರ್ಡಿನ ಚಿತ್ರ ಹತ್ತು ನಿಮಿಷದ ಹಿಂದಿನದೇ ಇರುತ್ತದೆ. ತಿಂಗಳಿಗೆ ಎಲ್ಲ ಮನೆಯವರೂ ಕೊಡುವ ದುಡ್ಡು ಒಂದೇ, ಹಾಗಾಗಿ ನನಗೆ ಇದು ತುಂಬಾ ಕೊರೆಯುತ್ತಿದೆ.

ಗುಡ್ಡದ ಮೇಲಿನ ಮನೆಗೆ 4ಜಿ ಚೆನ್ನಾಗಿ ಸಿಗುತ್ತದೆ ಅಂತ ಅಲ್ಲೊಂದು 4ಜಿ ರೂಟರ್ ಇಟ್ಟು ಎರಡನೇ ಗೇಟ್‌ವೇ (ಮೆಶ್‌ನಿಂದ ಇಂಟರ್ನೆಟ್ಟಿಗೆ ಹೋಗುವ ಬಾಗಿಲು) ಮಾಡಿದೆವು. ಲೋಡ್ ಇಬ್ಭಾಗ ಆಗುತ್ತದೆ ಅಂದುಕೊಂಡರೆ ನಡುವಿನ ಮನೆಗಳು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹಾರುತ್ತಿವೆ, ಫೋನ್‌ಪೇ ಗೂಗಲ್‌ಪೇ ಮಾಡುವಾಗ ಮಧ್ಯದಲ್ಲೇ ಕೈಕೊಡುತ್ತದೆ.

ಲೋಡನ್ನು ನ್ಯಾಯವಾಗಿ ಹಂಚುವಂಥ ರೂಟಿಂಗ್ ಪ್ರೊಟೊಕಾಲ್ ಯಾವುದಾದರೂ ಇದೆಯಾ? ಅದನ್ನೇ ಹಾಕಿಬಿಡೋಣ ಅಂತ.

ತರಂಗದಾರಿ:

ಸರ್, ಪ್ರೊಟೊಕಾಲ್ ಬದಲಿಸುವ ಕೆಲಸ ಸದ್ಯಕ್ಕೆ ಬೇಡ. ನೀವು ಹಂಚಬೇಕಾದದ್ದು ಎಂಬಿಪಿಎಸ್ ಅಲ್ಲ, ಗಾಳಿಯಲ್ಲಿ ಮಾತಾಡುವ ಸಮಯ. ಏರ್‌ಟೈಮ್. ಒಂದೇ ಚಾನೆಲ್‌ನಲ್ಲಿ ಒಬ್ಬರಿಗೊಬ್ಬರು ಕೇಳಿಸುವ ರೂಟರುಗಳಲ್ಲಿ ಒಂದು ಹೊತ್ತಿಗೆ ಒಂದೇ ಮಾತಾಡಬಹುದು, ಉಳಿದವು ಕಾಯಬೇಕು. ಮೊದಲ ಮನೆಗೆ ಹೋಗುವ ಪ್ಯಾಕೆಟ್ ಗಾಳಿಗೆ ಒಂದು ಸಲ ಏರುತ್ತದೆ. ಹೊಳೆ ಆಚೆಯ ಮನೆಗೆ ಹೋಗುವ ಅದೇ ಅಳತೆಯ ಪ್ಯಾಕೆಟ್ ನಾಲ್ಕು ಸಲ ಏರಬೇಕು. ನಿಮ್ಮ 80 ಮತ್ತು 20 ಬಂದಿರುವುದೇ ಹಾಗೆ, ನಾಲ್ಕು ಹಾಪ್‌ಗೆ ನಾಲ್ಕನೇ ಒಂದು ಭಾಗ. ಹೊಳೆ ಕಡೆಯ ಲಿಂಕ್ ಕೆಟ್ಟಿಲ್ಲ ಅನ್ನುವುದಕ್ಕೂ ಅದು ಒಳ್ಳೆ ಸಾಕ್ಷಿ.

ಈಗ ಸಂಜೆ ಏನಾಗುತ್ತದೆ ನೋಡಿ. ಹತ್ತಿರದ ಮನೆಯ ಟಿವಿಗೆ ಪ್ಯಾಕೆಟ್ ಒಂದೇ ನೆಗೆತಕ್ಕೆ ತಲುಪಿ, ಸಿಕ್ಕಿತು ಅನ್ನುವ ಉತ್ತರ ಕೂಡಲೇ ವಾಪಸ್ ಬರುತ್ತದೆ, ಹಾಗಾಗಿ ಅದರ ಟಿಸಿಪಿ (ಡೇಟಾ ಕಳಿಸುವ ವೇಗ ಹೊಂದಿಸುವ ನಿಯಮಾವಳಿ) ಇನ್ನೂ ಕೊಡು ಇನ್ನೂ ಕೊಡು ಅಂತ ವೇಗ ಏರಿಸುತ್ತಲೇ ಹೋಗುತ್ತದೆ. ದೂರದ ಪ್ಯಾಕೆಟ್ ಪ್ರತಿ ಹಾಪ್‌ನಲ್ಲೂ ಗಾಳಿಗೆ ಕಾಯಬೇಕು, ಪ್ರತಿ ಹಾಪ್‌ನಲ್ಲೂ ಕಳೆದುಹೋಗಬಹುದು. ಒಂದೆರಡು ಕಳೆದರೆ ಸಾಕು, ಆ ಕಡೆಯ ಟಿಸಿಪಿ ದಾರಿ ಇಕ್ಕಟ್ಟಾಗಿದೆ ಅಂದುಕೊಂಡು ತಾನೇ ಹಿಂದೆ ಸರಿಯುತ್ತದೆ, ಅದು ಬಿಟ್ಟ ಜಾಗವನ್ನು ಹತ್ತಿರದವರು ತುಂಬುತ್ತಾರೆ. ಭದ್ರಾ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ, ಇದೇ ಕತೆ ಹೇಳುತ್ತಾರೆ. 2004ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಇದನ್ನು ಪಾರ್ಕಿಂಗ್ ಲಾಟ್ ಸಮಸ್ಯೆ ಅಂತ ಬಿಡಿಸಿ ತೋರಿಸಿದ್ದಾರೆ: ಯಾರೂ ಮೋಸ ಮಾಡದಿದ್ದರೂ, ಎಲ್ಲ ಯಂತ್ರಗಳೂ ನಿಯಮದಂತೆಯೇ ನಡೆದರೂ ಕೊನೆಯವರು ಉಪವಾಸ ಬೀಳುತ್ತಾರೆ.

ಸರಿ, ಲೆಕ್ಕ ಹಾಕೋಣ. ಹತ್ತಿರದ ಮನೆಗೆ ಒಂದು ಎಂಬಿಪಿಎಸ್ ಕೊಟ್ಟರೆ ಏರ್‌ಟೈಮಿನ 80ರಲ್ಲಿ ಒಂದು ಭಾಗ ಹೋಗುತ್ತದೆ. ದೂರದ ಮನೆಗೆ ಕೊಟ್ಟರೆ 20ರಲ್ಲಿ ಒಂದು ಭಾಗ. ಇಬ್ಬರೇ ಬಳಸುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ಸಮನಾದ ವೇಗ ಬೇಕು ಅಂದರೆ ತಲಾ 16 ಸಿಗುತ್ತದೆ, ಒಟ್ಟು 32. ಇಬ್ಬರಿಗೂ ಸಮನಾದ ಏರ್‌ಟೈಮ್ ಅಂದರೆ 40 ಮತ್ತು 10, ಒಟ್ಟು 50. ಏನೂ ಮಾಡದೆ ಬಿಟ್ಟರೆ 76 ಮತ್ತು 1, ಒಟ್ಟು 77. ಈಗ ನಿಮ್ಮಲ್ಲಿ ಆಗುತ್ತಿರುವುದು ಇದೇ, ಅಲ್ವಾ? ರಾಜ್ ಜೈನ್ ಮತ್ತು ಸಂಗಡಿಗರು 1984ರಲ್ಲಿ ಕೊಟ್ಟ ನ್ಯಾಯದ ಸೂಚ್ಯಂಕ ಒಂದಿದೆ: ಎಲ್ಲರ ವೇಗ ಕೂಡಿ ವರ್ಗ ಮಾಡಿ, ಅದನ್ನು ಮನೆಗಳ ಸಂಖ್ಯೆ ಗುಣಿಸು ವೇಗಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಎಲ್ಲರಿಗೂ ಸಮ ಸಿಕ್ಕಿದರೆ 1 ಬರುತ್ತದೆ. ಎರಡು ಮನೆಯಲ್ಲಿ ಒಬ್ಬರೇ ಪೂರ್ತಿ ತಿಂದರೆ 0.5. ಮೇಲಿನ ಮೂರಕ್ಕೆ ಹಾಕಿದರೆ 1, 0.74, 0.51 ಬರುತ್ತದೆ.

ಹಾಗಾಗಿ ಮೊದಲು ನೀವು ಊರಲ್ಲಿ ಕೂತು ತೀರ್ಮಾನಿಸಬೇಕಾದದ್ದು ನ್ಯಾಯ ಅಂದರೆ ಯಾವುದು ಅಂತ. ಸಮ ವೇಗ ಅಂದರೆ ಒಟ್ಟು ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಟ್ಟ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ ಸಮ ಏರ್‌ಟೈಮ್ ಇಟ್ಟುಕೊಳ್ಳಿ. 10 ಎಂಬಿಪಿಎಸ್‌ನಲ್ಲಿ ಟ್ಯೂಷನ್ ಆರಾಮಾಗಿ ನಡೆಯುತ್ತದೆ, 40ರಲ್ಲಿ ಟಿವಿಗಳೂ ನಡೆಯುತ್ತವೆ.

ಇದನ್ನು ಜಾರಿ ಮಾಡುವ ಜಾಗ ಗೇಟ್‌ವೇ. ಹೊರಗಿನ ಟ್ರಾಫಿಕ್ ಎಲ್ಲ ಅಲ್ಲಿಂದಲೇ ಹಾಯಬೇಕು, ಹಾಗಾಗಿ ಬಾಗಿಲಲ್ಲೇ ಅಳೆದು ಬಿಟ್ಟರೆ ಒಳಗಿನ ರೂಟರುಗಳಿಗೆ ಬುದ್ಧಿ ಕಲಿಸುವ ಕೆಲಸ ಇಲ್ಲ. ಕೇಕ್ ಅನ್ನುವ ಕ್ಯೂ ವ್ಯವಸ್ಥೆ 2018ರಿಂದ, ಅಂದರೆ 4.19ನೇ ಆವೃತ್ತಿಯಿಂದ, ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿದರೆ ಸಿಗುತ್ತದೆ. ಡೌನ್‌ಲೋಡ್ ದಿಕ್ಕಿಗೆ ಡ್ಯುಯಲ್-ಡಿಎಸ್‌ಟಿಹೋಸ್ಟ್, ಅಪ್‌ಲೋಡ್ ದಿಕ್ಕಿಗೆ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್, ಎರಡಕ್ಕೂ ನ್ಯಾಟ್ (ಹಲವು ಸಾಧನಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಇಡುವ ವ್ಯವಸ್ಥೆ) ಆಪ್ಷನ್ ಕೊಡಿ. ಆಗ ಅದು ಕನೆಕ್ಷನ್ ಎಷ್ಟು ತೆರೆದಿದ್ದಾರೆ ಅಂತ ನೋಡದೆ ಐಪಿ ವಿಳಾಸಕ್ಕೊಂದು ಪಾಲು ಕೊಡುತ್ತದೆ.

ಇಲ್ಲೊಂದು ಎಚ್ಚರಿಕೆ. ನಿಮ್ಮ ಮನೆ ರೂಟರುಗಳು ಬ್ರಿಡ್ಜ್ ಆಗಿದ್ದರೆ, ಅಂದರೆ ಒಳಗಿನ ಸಾಧನಗಳನ್ನು ಹಾಗೇ ಮೆಶ್‌ಗೆ ಸೇರಿಸುತ್ತಿದ್ದರೆ, ಪ್ರತಿ ಮೊಬೈಲಿಗೂ ಬೇರೆ ಐಪಿ ಬರುತ್ತದೆ, ಆರು ಮೊಬೈಲ್ ಇರುವ ಮನೆಗೆ ಆರು ಪಾಲು, ಒಂದು ಮೊಬೈಲ್ ಇರುವ ಅಜ್ಜಿಗೆ ಒಂದೇ ಪಾಲು. ಪ್ರತಿ ಮನೆಯ ರೂಟರೂ ತನ್ನ ಹಿಂದೆ ನ್ಯಾಟ್ ಮಾಡಲಿ, ಗೇಟ್‌ವೇಗೆ ಮನೆಗೊಂದೇ ಐಪಿ ಕಾಣಲಿ.

ಇನ್ನೊಂದು ವಿಷಯ, ಬಹಳ ಜನ ಎಡವುವುದು ಇಲ್ಲೇ. ಫೈಬರ್ 100 ಇದೆ ಅಂತ ಕೇಕ್‌ಗೆ 95 ಹಾಕಿದರೆ ಪ್ರಯೋಜನ ಇಲ್ಲ. ಇಕ್ಕಟ್ಟು ಇರುವುದು ಗಾಳಿಯಲ್ಲಿ, ಫೈಬರ್‌ನಲ್ಲಿ ಅಲ್ಲ. ಕ್ಯೂ ಎಲ್ಲಿ ಬೆಳೆಯುತ್ತದೋ ಅಲ್ಲೇ ನ್ಯಾಯ ನಡೆಯುವುದು, ಅದು ಎರಡನೇ ಹಾಪ್‌ನ ರೂಟರಿನಲ್ಲಿ ಬೆಳೆದರೆ ಗೇಟ್‌ವೇಯ ಕೇಕ್ ಸುಮ್ನೆ ನೋಡುತ್ತಾ ಕೂರುತ್ತದೆ. ಮನೆಗಳನ್ನು ಎರಡು ಗುಂಪು ಮಾಡಿ, ರಸ್ತೆ ಕಡೆಯವರದ್ದು ಒಂದು, ಹೊಳೆ ಕಡೆಯವರದ್ದು ಒಂದು. ಮೊದಲನೆಯದಕ್ಕೆ ಒಟ್ಟು 36, ಎರಡನೆಯದಕ್ಕೆ ಒಟ್ಟು 9ರ ಮಿತಿ ಹಾಕಿ, ಗುಂಪಿನ ಒಳಗೆ ಕೇಕ್ ಹಂಚಲಿ. ಏರ್‌ಟೈಮಿನಲ್ಲಿ ಹತ್ತನೇ ಒಂದು ಭಾಗ ಖಾಲಿ ಉಳಿಯುತ್ತದೆ, ಅದು ಉಳಿಯಲೇಬೇಕು. ನಡುವಿನ ಹಾಪ್‌ನ ಮನೆಗಳನ್ನು ಯಾವ ಗುಂಪಿಗೆ ಹಾಕುತ್ತೀರಿ ಅನ್ನುವುದರ ಮೇಲೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಮಿತಿಯನ್ನು ಇಡೀ ದಿನ ಇಡಬೇಡಿ, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ನಲ್ಲಿ ಸಂಜೆ 6ಕ್ಕೆ ಹಾಕಿ ರಾತ್ರಿ 11ಕ್ಕೆ ತೆಗೆಯಿರಿ.

ಬರ್ಲಿನ್‌ವಾಸಿ:

ಮೇಲೆ ಹೇಳಿದ್ದಕ್ಕೆ ನನ್ನ ಪೂರ್ತಿ ಸಮ್ಮತಿ ಇದೆ. ನಾನು ಎರಡು ಗೇಟ್‌ವೇ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ಬ್ಯಾಟ್‌ಮನ್ ಹುಟ್ಟಿದ್ದೇ ನಾನಿರುವ ಬರ್ಲಿನ್ನಿನ ಫ್ರೈಫುಂಕ್ ಅನ್ನುವ ಸಮುದಾಯ ವೈಫೈ ಬಳಗದಲ್ಲಿ, ಇಲ್ಲಿ ಒಂದೇ ಮೆಶ್‌ಗೆ ಹಲವು ಗೇಟ್‌ವೇ ಇರುವುದು ಮಾಮೂಲು.

ರೂಟಿಂಗ್‌ಗೇ ಲೋಡ್ ಹಂಚುವ ಕೆಲಸ ಕೊಡುವ ಆಸೆ ಬಹಳ ಹಳೆಯದು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ 1979ರಲ್ಲಿ ಪ್ರತಿ ಲಿಂಕಿನ ವಿಳಂಬ ಅಳೆದು ಅದರ ಪ್ರಕಾರ ದಾರಿ ಆರಿಸುವ ಪದ್ಧತಿ ತಂದರು. ಲೋಡ್ ಕಡಿಮೆ ಇದ್ದಾಗ ಚೆನ್ನಾಗಿತ್ತು. ಜಾಸ್ತಿಯಾದಾಗ ಎಲ್ಲರೂ ಖಾಲಿ ಕಂಡ ಲಿಂಕಿಗೆ ಒಟ್ಟಿಗೆ ನುಗ್ಗುವುದು, ಅದು ತುಂಬಿದ ಕೂಡಲೇ ಎಲ್ಲರೂ ಒಟ್ಟಿಗೆ ವಾಪಸ್ ಬರುವುದು, ಹೀಗೆ ತೂಗಾಡತೊಡಗಿತು. 1987ರಲ್ಲಿ ಆ ಅಳತೆಯನ್ನೇ ತಿದ್ದಿ, ಬೆಲೆ ನಿಧಾನವಾಗಿ ಮತ್ತು ಒಂದು ಮಿತಿಯೊಳಗೆ ಮಾತ್ರ ಬದಲಾಗುವ ಹಾಗೆ ಮಾಡಿದರು.

ಅಂದಹಾಗೆ ನಿಮ್ಮ ಬ್ಯಾಟ್‌ಮನ್‌ಗೆ ಲೋಡ್ ಕಾಣಿಸುವುದೇ ಇಲ್ಲ. ನಾಲ್ಕನೇ ಆವೃತ್ತಿ ನೋಡುವುದು ಟಿಕ್ಯೂ, ಅಂದರೆ ಪ್ಯಾಕೆಟ್ ಎಷ್ಟು ಚೆನ್ನಾಗಿ ದಾಟುತ್ತದೆ ಅನ್ನುವ 0ಯಿಂದ 255ರವರೆಗಿನ ಅಂಕ. ಅಮೆರಿಕದ ಎಂಐಟಿಯಲ್ಲಿ 2003ರಲ್ಲಿ ಬಂದ ಇಟಿಎಕ್ಸ್ ಅನ್ನುವ ಅಳತೆ ಕೂಡ ಅಷ್ಟೇ, ಒಂದು ಪ್ಯಾಕೆಟ್ ದಾಟಿಸಲು ಎಷ್ಟು ಸಲ ಕಳಿಸಬೇಕಾಗುತ್ತದೆ ಅಂತ ಎಣಿಸುತ್ತದೆ. ಸಂಜೆ ಗಾಳಿ ತುಂಬಿದಾಗ ಬ್ಯಾಟ್‌ಮನ್‌ನ ಪರೀಕ್ಷಾ ಪ್ಯಾಕೆಟ್‌ಗಳೇ ಕಳೆದುಹೋಗಿ ಟಿಕ್ಯೂ ಇಳಿಯುತ್ತದೆ, ನಡುವಿನ ಮನೆಗಳಿಗೆ ಗುಡ್ಡದ ಗೇಟ್‌ವೇ ಚೆನ್ನಾಗಿ ಕಾಣುತ್ತದೆ, ಅಲ್ಲಿಗೆ ಹೋದ ಮೇಲೆ ಈ ಕಡೆ ಚೆನ್ನಾಗಿ ಕಾಣುತ್ತದೆ. ನೀವು ಹೇಳಿದ ಹಾರಾಟ ಇದೇ. ಗೇಟ್‌ವೇ ಬದಲಾದರೆ ಹೊರಗಿನ ಐಪಿಯೂ ಬದಲಾಗುತ್ತದೆ, ತೆರೆದಿದ್ದ ಕನೆಕ್ಷನ್‌ಗಳೆಲ್ಲ ಸಾಯುತ್ತವೆ. ದುಡ್ಡು ಕಳಿಸುವ ಆ ಕೆಲವು ಸೆಕೆಂಡಿನಲ್ಲಿ ಹೀಗಾದರೆ ಯಾರಿಗಾದರೂ ಹೆದರಿಕೆಯಾಗುತ್ತದೆ.

ಮನೆ ರೂಟರುಗಳಲ್ಲಿ ಗೇಟ್‌ವೇ ಆಯ್ಕೆಯ ದರ್ಜೆ ನೋಡಿ. 3 ಅಂತ ಇದ್ದರೆ ಸ್ವಲ್ಪ ಉತ್ತಮವಾದದ್ದು ಕಂಡ ಕೂಡಲೇ ಹಾರುತ್ತದೆ. ಡಿಫಾಲ್ಟ್ 20, ಅಂದರೆ ಟಿಕ್ಯೂ 20 ಅಂಕ ಮೇಲಿದ್ದರೆ ಮಾತ್ರ. 2 ಅಂತ ಹಾಕಿದರೆ ಒಮ್ಮೆ ಆರಿಸಿದ ಗೇಟ್‌ವೇ ಕಣ್ಮರೆಯಾಗುವವರೆಗೆ ಅದಕ್ಕೇ ಅಂಟಿಕೊಂಡಿರುತ್ತದೆ. ನಿಮಗೆ 2 ಸರಿ. ಗುಡ್ಡಕ್ಕೆ ಹತ್ತಿರದ ಮೂರ್ನಾಲ್ಕು ಮನೆ 4ಜಿಗೆ, ಉಳಿದವು ಫೈಬರ್‌ಗೆ ಇರಲಿ. ಲೋಡ್ ಹೆಚ್ಚು ಕಡಿಮೆಯಾದರೆ ತಿಂಗಳಿಗೊಮ್ಮೆ ಕೈಯಲ್ಲೇ ಬದಲಿಸಿ. 11 ಮನೆಗೆ ಅದಕ್ಕಿಂತ ಜಾಣತನದ ಆಲ್ಗಾರಿದಂ ಬೇಕಾಗಿಲ್ಲ.

ಒಂದು ಕೊರತೆ ಗೊತ್ತಿರಲಿ. ಫೈಬರ್ ಕಡಿದರೂ ಗೇಟ್‌ವೇ ರೂಟರ್ ಮಾತ್ರ ನಾನು ಗೇಟ್‌ವೇ ಅಂತ ಸಾರುತ್ತಲೇ ಇರುತ್ತದೆ, ಹಿಂದೆ ಇಂಟರ್ನೆಟ್ ಇದೆಯೋ ಇಲ್ಲವೋ ಅಂತ ಬ್ಯಾಟ್‌ಮನ್ ನೋಡುವುದಿಲ್ಲ. ನಿಮಿಷಕ್ಕೊಮ್ಮೆ ಹೊರಗೆ ಪಿಂಗ್ ಮಾಡಿ, ಸತತ ಕೆಲವು ಸಲ ಉತ್ತರ ಬರದಿದ್ದರೆ ಗೇಟ್‌ವೇ ಮೋಡ್ ಆಫ್ ಮಾಡುವ ಚಿಕ್ಕ ಸ್ಕ್ರಿಪ್ಟ್ ಹಾಕಿಕೊಳ್ಳಿ. ಮತ್ತೆ, 802.11ಎಸ್‌ನ ಸ್ವಂತ ಫಾರ್ವರ್ಡಿಂಗ್ ಬಂದ್ ಮಾಡಿದ್ದೀರಾ ನೋಡಿ. ಮಾಡದಿದ್ದರೆ ಎರಡು ರೂಟಿಂಗ್‌ಗಳು ಒಂದರ ಮೇಲೊಂದು ಕೂತಿರುತ್ತವೆ.

ಕಂಬದತುದಿ:

ಸಾಫ್ಟ್‌ವೇರ್ ಆಯಿತು, ಈಗ ಕಂಬದ ವಿಚಾರ. ಹಾಪ್ ಕಡಿಮೆ ಮಾಡುವುದಕ್ಕಿಂತ ದೊಡ್ಡ ಲೋಡ್ ಬ್ಯಾಲೆನ್ಸಿಂಗ್ ಇಲ್ಲ. ರಸ್ತೆ ಮನೆಯ ಸೂರಿನಿಂದಲೋ ನೀರಿನ ಟ್ಯಾಂಕ್ ಮೇಲಿಂದಲೋ ಹೊಳೆ ಆಚೆಗೆ ನೇರ ನೋಟ ಸಿಗುತ್ತದಾ? ಸಿಕ್ಕಿದರೆ ಎರಡು ದಿಕ್ಕು ಆಂಟೆನಾ ಎದುರುಬದುರು ಇಟ್ಟು, ಬೇರೆ ರೇಡಿಯೊ ಬೇರೆ ಚಾನೆಲ್‌ನಲ್ಲಿ ಒಂದೇ ಹಾರಿಗೆ ಅಲ್ಲಿಗೆ ಮುಟ್ಟಿಸಿ. ಹಳೆ ಮೆಶ್ 36ನೇ ಚಾನೆಲ್‌ನಲ್ಲಿದ್ದರೆ ಇದು 149ರಲ್ಲಿ. ಎರಡು ಒಂದಕ್ಕೊಂದು ಅಡ್ಡ ಬರುವುದಿಲ್ಲ, ಹೊಳೆ ಆಚೆಯವರ ಟ್ರಾಫಿಕ್ ಈಚೆಯವರ ಏರ್‌ಟೈಮ್ ಮುಟ್ಟುವುದೇ ಇಲ್ಲ. ಮೇಲೆ ಹಾಕಿದ ಲೆಕ್ಕವೇ ಬದಲಾಗುತ್ತದೆ. ನಮ್ಮ ದೇಶದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ಇಷ್ಟೂ ಭಾಗಗಳನ್ನು ಲೈಸೆನ್ಸ್‌ಮುಕ್ತ ಮಾಡಿದ್ದಾರೆ, ಜಾಗ ಬೇಕಾದಷ್ಟಿದೆ.

ನೇರ ನೋಟ ಅಂದರೆ ಕಣ್ಣಿಗೆ ಕಂಡರೆ ಸಾಲದು. ಅರ್ಧ ಕಿಲೋಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್‌ನಲ್ಲಿ ನಡು ಜಾಗದಲ್ಲಿ ಗೆರೆಯ ಸುತ್ತ ಸುಮಾರು ಎರಡೂವರೆ ಮೀಟರ್ ಖಾಲಿ ಇರಬೇಕು. ಅಡಿಕೆ ಮರದ ಸೋಗೆ ಆ ಜಾಗಕ್ಕೆ ಇಣುಕಿದರೆ ಬೇಸಿಗೆಯಲ್ಲಿ ನಡೆದೀತು, ಮಳೆಗಾಲದಲ್ಲಿ ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ. ಜುಲೈನಲ್ಲಿ ಅಳೆದು ಕಂಬದ ಎತ್ತರ ನಿರ್ಧರಿಸಿ, ಫೆಬ್ರವರಿಯಲ್ಲಿ ಅಲ್ಲ.

ಇನ್ನೊಂದು ಅನುಮಾನ. ನಡುವೆ ಯಾವುದಾದರೂ ಮನೆ ದುರ್ಬಲ ಸಿಗ್ನಲ್‌ನಲ್ಲಿ 6 ಎಂಬಿಪಿಎಸ್ ದರದಲ್ಲಿ ಒದ್ದಾಡುತ್ತಿದೆಯಾ? ಹಾಗಿದ್ದರೆ ಅದು ಒಂದು ಪ್ಯಾಕೆಟ್ ಕಳಿಸುವ ಹೊತ್ತಿನಲ್ಲಿ ಇತರರು ಹತ್ತಾರು ಕಳಿಸಬಹುದಿತ್ತು. ಐಡಬ್ಲ್ಯೂ ಸ್ಟೇಷನ್ ಡಂಪ್ ಅನ್ನುವ ಕಮಾಂಡ್ ಕೊಟ್ಟು ಪ್ರತಿ ಪಕ್ಕದ ನೋಡ್‌ನ ದರ ನೋಡಿ. ಲಿನಕ್ಸ್‌ನಲ್ಲಿ 2017ರಿಂದ ಏರ್‌ಟೈಮ್ ಸಮನಾಗಿ ಹಂಚುವ ವ್ಯವಸ್ಥೆ ಬಂದಿದೆ, ಮೊದಲು ಎಟಿಎಚ್9ಕೆ ಅನ್ನುವ ವೈಫೈ ಡ್ರೈವರ್‌ಗೆ, ಆಮೇಲೆ ಬೇರೆಯವಕ್ಕೂ. ಆದರೆ ಅದು ಒಂದು ರೂಟರ್ ತಾನು ಕಳಿಸುವುದನ್ನು ಮಾತ್ರ ಹಂಚುತ್ತದೆ, ಪಕ್ಕದ ರೂಟರಿಗೆ ಆಜ್ಞೆ ಮಾಡಲಾರದು.

ಊರಬಾಗಿಲು:

ತಾಂತ್ರಿಕ ವಿಷಯ ಇವರೆಲ್ಲ ಚೆನ್ನಾಗಿ ಹೇಳಿದ್ದಾರೆ. ಎರಡು ಮಾತು ಸೇರಿಸುತ್ತೇನೆ.

ಮನೆ ಕನೆಕ್ಷನ್‌ಅನ್ನು 11 ಮನೆಗೆ ದುಡ್ಡು ತಗೊಂಡು ಹಂಚುವಾಗ ಕಂಪನಿಯ ಕರಾರು ಒಮ್ಮೆ ಓದಿ. ಸಾರ್ವಜನಿಕ ವೈಫೈಗೆ ಅಂತಲೇ ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ ಪಬ್ಲಿಕ್ ಡೇಟಾ ಆಫೀಸ್ ನಡೆಸುವವರಿಗೆ ಲೈಸೆನ್ಸ್ ಬೇಡ. ನಿಮ್ಮಂಥವರಿಗೆ ಸರಿಹೊಂದುವ ದಾರಿ ಅದು.

ಇನ್ನೊಂದು, ಹೊರಗೆ ಹೋಗದ ಟ್ರಾಫಿಕ್‌ಗೆ ಗೇಟ್‌ವೇ ಹಂಗು ಇಲ್ಲ. ಆ ಹುಡುಗಿಯ ಟ್ಯೂಷನ್ ರೆಕಾರ್ಡಿಂಗ್ ಸಿಗುವುದಾದರೆ ಬೆಳಗಿನ ಜಾವ ಹೊಳೆ ಆಚೆಯ ರೂಟರಿನ ಪೆನ್‌ಡ್ರೈವ್‌ಗೇ ಇಳಿಸಿಡಿ. ಮೊಬೈಲ್ ಅಪ್‌ಡೇಟ್‌ಗಳನ್ನೂ ಎಲ್ಲರೂ ರಾತ್ರಿ 11ರ ಮೇಲೆ ಇಟ್ಟುಕೊಳ್ಳಲಿ. ಸಂಜೆಯ ಲೋಡನ್ನು ಮನೆಗಳ ನಡುವೆ ಹಂಚುವಷ್ಟೇ ಮುಖ್ಯ ಅದನ್ನು ಹೊತ್ತುಗಳ ನಡುವೆ ಹಂಚುವುದು.

ಹೊಳೆಯಾಚೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಎಲ್ಲ ಮನೆಯವರನ್ನೂ ಸೇರಿಸಿ 16-16, 40-10, 76-1 ಮೂರೂ ಲೆಕ್ಕ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಸಮ ವೇಗವೇ ಬೇಕು ಅಂತ ಹಠ ಹಿಡಿಯುತ್ತಾರೆ ಅಂದುಕೊಂಡಿದ್ದ ಹೊಳೆ ಆಚೆಯವರೇ 10 ಸಾಕು ಅಂದರು. ಮನೆಗೊಂದೇ ಐಪಿ ಮಾಡಿ, 36 ಮತ್ತು 9ರ ಮಿತಿ ಹಾಕಿ, ಗೇಟ್‌ವೇ ದರ್ಜೆ 2 ಮಾಡಿದ್ದೇವೆ. ಈಗ ಸಂಜೆ ಎಂಟಕ್ಕೆ ಹೊಳೆ ಆಚೆ 7-8 ಎಂಬಿಪಿಎಸ್ ಬರುತ್ತಿದೆ, ಟ್ಯೂಷನ್ ನಿಲ್ಲದೆ ನಡೆಯುತ್ತಿದೆ, ಪೇಮೆಂಟ್ ತೊಂದರೆಯೂ ಹೋಯಿತು. ನಡುವಿನ ಒಂದು ಮನೆ ನಿಜಕ್ಕೂ 6 ಎಂಬಿಪಿಎಸ್ ದರದಲ್ಲಿತ್ತು, ಅದರ ಆಂಟೆನಾ ಎತ್ತರಿಸಬೇಕು.

ಎರಡು ಪ್ರಶ್ನೆ ಉಳಿದಿದೆ. ರಸ್ತೆ ಮನೆಯವರು ವಿಡಿಯೊ ಅಪ್‌ಲೋಡ್ ಮಾಡುವಾಗ ಇನ್ನೂ ಸ್ವಲ್ಪ ಎಳೆಯುತ್ತದೆ. ಮತ್ತೆ ಗೇಟ್‌ವೇ ರೂಟರ್ ಹಳೆಯದು, ಕೇಕ್ ಹಾಕಿದ ಮೇಲೆ ಸಂಜೆ ಪ್ರೊಸೆಸರ್ ಲೋಡ್ ಮೇಲೇರುತ್ತಿದೆ. ಬದಲಿಸಬೇಕಾ?

ತರಂಗದಾರಿ:

ಬಹಳ ಸಂತೋಷ ಆಯಿತು ಸರ್. ಅಪ್‌ಲೋಡ್ ವಿಷಯದಲ್ಲಿ ಪ್ಯಾಕೆಟ್ ಗೇಟ್‌ವೇಗೆ ಬರುವ ಹೊತ್ತಿಗೆ ಏರ್‌ಟೈಮ್ ಆಗಲೇ ಖರ್ಚಾಗಿರುತ್ತದೆ, ಹಾಗಾಗಿ ಅದಕ್ಕೆ ಮಿತಿಯನ್ನು ಆಯಾ ಮನೆಯ ರೂಟರಿನಲ್ಲೇ ಹಾಕಬೇಕು. ಮನೆ ರೂಟರ್ ಮೆಶ್ ಕಡೆಗೆ ಕಳಿಸುವ ದಿಕ್ಕಿಗೆ ಕೇಕ್ ಇಟ್ಟು, ರಸ್ತೆ ಕಡೆಯವರಿಗೆ 5, ಹೊಳೆ ಕಡೆಯವರಿಗೆ 2ರಿಂದ ಶುರು ಮಾಡಿ ನೋಡಿ. ದಾಟಿಹೋಗುವ ಇತರರ ಟ್ರಾಫಿಕ್‌ಗೆ ಈ ಮಿತಿ ತಗಲದ ಹಾಗೆ ನೋಡಿಕೊಳ್ಳಿ, ಮನೆಯ ಸ್ವಂತದ್ದಕ್ಕೆ ಮಾತ್ರ.

ರೂಟರ್ ಬದಲಿಸುವ ಮೊದಲು ಟಾಪ್ ಅನ್ನುವ ಕಮಾಂಡ್ ಕೊಟ್ಟು ಸಾಫ್ಟ್ಐಆರ್‌ಕ್ಯೂ (ಪ್ಯಾಕೆಟ್ ಸಾಗಿಸುವಂಥ ಕೆಲಸಕ್ಕೆ ಪ್ರೊಸೆಸರ್ ಕೊಡುವ ಹೊತ್ತು) ಎಷ್ಟು ತಿನ್ನುತ್ತಿದೆ ನೋಡಿ. ನೂರಕ್ಕೆ ಹತ್ತಿರ ಹೋಗಿ ವೇಗ ಮಿತಿಗಿಂತ ಕೆಳಗೇ ನಿಂತರೆ ಮಾತ್ರ ಹೊಸದು ಬೇಕು. ಅಲ್ಲಿಯವರೆಗೆ ಆ ದುಡ್ಡನ್ನು ಹೊಳೆ ಆಚೆಯ ನೇರ ಲಿಂಕಿಗೆ ಎತ್ತಿಡಿ. ಟ್ಯಾಂಕ್ ಮೇಲಿಂದ ನೋಟ ಸಿಗುತ್ತದಾ ಅಂತ ಕಂಬದತುದಿಯವರು ಕೇಳಿದ್ದಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ, ಒಂದು ಫೋಟೊ ಹಾಕಿ.